ಹುಣ್ಣಿಮೆಗೆ ಮೊದಲು ಕಡಲಿಗಿಳಿದ ದೋಣಿ

“ಎಲ್ಲರೂ ಒಮ್ಮೆ ಕೈ ತೋರಿಸಿ,” ಎಂದ ಪತ್ತೇದಾರ ಲೀಲಾಧರ.

ಬೆಂಗ್ರೆಯ ಭಜನಾ ಮಂದಿರದ ಜಗಲಿಯಲ್ಲಿ ಕೂತಿದ್ದ ಹನ್ನೊಂದು ಮಂದಿ ಹಿರಿಯರು ಮುಖ ಮುಖ ನೋಡಿಕೊಂಡರು. ಊರಿನ ಗುರಿಕಾರ ದೂಮಪ್ಪನವರು ಬಾಯೊಳಗಿನ ಎಲೆಯಡಿಕೆಯನ್ನು ಅಂಗಳಕ್ಕೆ ಉಗುಳಿ ಬಂದು, ಪತ್ತೇದಾರನನ್ನು ತಲೆಯಿಂದ ಕಾಲಿನವರೆಗೆ ಅಳೆದರು.

“ಎಂತಕ್ಕೆ? ಪೇಟೆಯಲ್ಲಿ ಹಸ್ತರೇಖೆ ನೋಡ್ಲಿಕ್ಕೂ ಕಲ್ತಿದ್ದೀಯಾ?”

ಜಗಲಿಯ ತುಂಬ ನಗು. ಲೀಲಾಧರನೂ ನಕ್ಕ. ಇಲ್ಲಿಂದ ಮೂರು ಮನೆ ಆಚೆ ಹುಟ್ಟಿದವ ಅವನು. ಈಗ ನದಿಯಾಚೆ ಪೇಟೆಯ ಕಂಕನಾಡಿಯಲ್ಲಿ ಬೋರ್ಡು ಹಾಕಿಕೊಂಡು ಕೂತು, ಕಾಲಿಗೆ ಬೂಟ್ಸು ಏರಿಸಿದ್ದಾನೆಂದು ಊರಿಗೆ ಅವನ ಮೇಲೆ ಒಂದು ಹಳೆಯ ಸಿಟ್ಟು. ಕಡವಿನ ದೋಣಿಯಿಂದ ಇಳಿದಾಗಿನಿಂದ ಆ ಬೂಟ್ಸಿನ ತುಂಬ ಬೆಂಗ್ರೆಯ ಮರಳು ಹೊಕ್ಕು ಕಚ್ಚುತ್ತಿತ್ತು. ಆದರೂ ಅವನ ಮೀಸೆಯ ತುದಿ ಎಂದಿಗಿಂತ ಎರಡು ಎಳೆ ಮೇಲೆಯೇ ಇತ್ತು. ತನ್ನ ಲೆಕ್ಕ ಸರಿಯಾಗಿದೆಯೆಂದು ಗೊತ್ತಿದ್ದಾಗ ಲೀಲಾಧರನನ್ನು ಹಿಡಿಯುವವರಿಲ್ಲ.

“ರೇಖೆ ಅಲ್ಲ ಗುರಿಕಾರ್ರೇ. ಗಿರಿಯಪ್ಪನ ಜೀವ.”

ನಗು ಅಲ್ಲಿಗೆ ನಿಂತಿತು. ದೋಣಿ ದುರಸ್ತಿಯ ಮುದುಕ ಅಂದೋನಿಯನ್ನು ಕೊಂದನೆಂಬ ಆರೋಪ ಹೊತ್ತು ಗಿರಿಯಪ್ಪ ಲಾಕಪ್ಪು ಸೇರಿ ಎಂಟು ದಿನವಾಗಿತ್ತು. ಕೊಲೆಯಾದ ಹೊತ್ತಿಗೆ ತಾನು ಎಲ್ಲಿದ್ದೆನೆಂದು ಅವನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಗುರಿಕಾರರು ಎರಡೂ ಅಂಗೈ ಚಾಚಿದರು. ಲೀಲಾಧರ ಬೆರಳಿನ ಬುಡವನ್ನು ಒತ್ತಿ ನೋಡಿದ.

“ಮೆತ್ತಗೆ ಉಂಟು.”

“ಇರದೆ ಎಂತ? ಮಳೆ ಹಿಡಿದಾಗ ದೋಣಿ ದಡದ ಮೇಲೆ ಹಾಕಿದ್ದು. ಮತ್ತೆ ಹುಟ್ಟು ಮುಟ್ಟಿದ್ದುಂಟಾ?”

“ಬಲೆ ಹೆಣೆದರೆ ಅಂಗೈಯಲ್ಲಿ ಬೊಕ್ಕೆ ಏಳ್ತದಾ?”

“ಬಲೆ ಹೆಣೀಲಿಕ್ಕೆ ಬೆರಳು ಸಾಕು ಮಾರಾಯ. ಅಂಗೈಗೆ ಎಂತ ಕೆಲಸ?”

“ಹುಣ್ಣಿಮೆ ಕಳೆದು ಮೊದಲ ದಿನ ಹುಟ್ಟು ಹಿಡಿದರೆ?”

“ಎಂತ ಕೇಳ್ತೀಯಾ! ನಾಲ್ಕು ದಿನ ಅನ್ನ ಕಲಸ್ಲಿಕ್ಕೆ ಆಗುದಿಲ್ಲ,” ಎಂದು ಹಿಂದಿನ ಸಾಲಿನಿಂದ ಒಬ್ಬ ಮುದುಕ ಉತ್ಸಾಹದಿಂದ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಏನೋ ಹೊಳೆದಂತಾಗಿ ಬಾಯಿ ಮುಚ್ಚಿಕೊಂಡ.

“ಗಿರಿಯಪ್ಪನ ಎರಡೂ ಅಂಗೈಯಲ್ಲಿ ನಾಲ್ಕು ನಾಲ್ಕು ಬೊಕ್ಕೆ,” ಎಂದ ಲೀಲಾಧರ. “ಒಡೆದು, ಈಗ ಒಣಗಿ ಸಿಪ್ಪೆ ಏಳ್ತಾ ಉಂಟು. ಬೆಳಿಗ್ಗೆ ನೋಡಿ ಬಂದೆ. ಸರಕಾರದ ಡಾಕ್ಟರು ಹೊಡೆದಾಟದ ಗಾಯ ಅಂತ ಬರೆದಿದ್ದಾರೆ. ಅವರು ಹುಟ್ಟು ಹಾಕಿದವರಲ್ಲ, ಪಾಪ. ನಾವು ಹಾಕಿದವರು.”

ಹೊರಗೆ ಆಟಿ ತಿಂಗಳ ಮಳೆ ಹನಿಯುತ್ತಿತ್ತು.

ನೂಲ ಹುಣ್ಣಿಮೆಗೆ ಇನ್ನು ಎರಡೇ ದಿನ. ಆ ದಿನ ಗುರಿಕಾರರು ಕಡಲಿಗೆ ಹಾಲು ಹೊಯ್ದು ಕಾಯಿ ಬಿಟ್ಟ ಮೇಲೆಯೇ ಬೆಂಗ್ರೆಯ ದೋಣಿಗಳು ನೀರಿಗೆ ಇಳಿಯುವುದು. ಅದಕ್ಕೆ ಮೊದಲು ಇಳಿದವನ ಮನೆಗೆ ಊರು ಬೆಂಕಿ ಕೊಡದು, ನೀರು ಕೊಡದು. ಅವನ ಜೊತೆ ಬಲೆ ಎಳೆಯಲು ಒಬ್ಬನೂ ನಿಲ್ಲನು. ಹನ್ನೊಂದು ವರ್ಷದ ಹಿಂದೆ ಒಬ್ಬ ಹೀಗೆ ಕದ್ದು ಇಳಿದಿದ್ದ. ಹುಣ್ಣಿಮೆ ಕಳೆದ ವಾರದಲ್ಲೇ ನದಿ ಕಡಲು ಸೇರುವ ಅಳಿವೆ ಬಾಗಿಲಲ್ಲಿ ದೋಣಿಯೊಂದು ಮಗುಚಿ, ಇಪ್ಪತ್ತೆರಡರ ತರುಣ ಮುಳುಗಿ ಸತ್ತ. ಅದು ಕಡಲ ದೈವ ಬೊಬ್ಬರ್ಯನ ಸಿಟ್ಟು ಎಂದಿತು ಊರು. ಕದ್ದು ಇಳಿದವ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಾಸರಗೋಡಿನ ಕಡೆ ಹೋದವನು ಮತ್ತೆ ಬರಲಿಲ್ಲ.

ಸತ್ತ ತರುಣ ದಮಯಂತಿಯ ಅಣ್ಣ. ದಮಯಂತಿ ಗಿರಿಯಪ್ಪನ ಹೆಂಡತಿ.

ಅವಳು ಜಗಲಿಯ ಕೆಳಗೆ, ಮೆಟ್ಟಿಲ ಬಳಿ, ತಲೆಯ ಮೇಲೆ ತಾಳೆಗರಿಯ ಗೊರಬು ಹಿಡಿದು ನಿಂತಿದ್ದಳು. ಗಂಡನನ್ನು ಉಳಿಸಿಕೊಡಿ ಎಂದು ಕಂಕನಾಡಿಯವರೆಗೆ ನಡೆದು ಬಂದವಳು ಅವಳೇ. ಗಂಡ ಮಾಡಿದ ತಪ್ಪೇನೆಂದು ಅವಳಿಗೆ ಗೊತ್ತಾದದ್ದು ಮಾತ್ರ ಈಗ, ಹನ್ನೊಂದು ಮಂದಿಯ ಎದುರಿಗೆ. ಮೊದಲೇ ಅವಳೊಬ್ಬಳಿಗೆ ಹೇಳಬೇಕಿತ್ತೆಂದು ಲೀಲಾಧರನಿಗೆ ಅನ್ನಿಸಿದಾಗ ತಡವಾಗಿತ್ತು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

“ಬೊಕ್ಕೆ ಒಂದೇ ಸಾಕ್ಷಿಯಾ?” ಗುರಿಕಾರರ ಧ್ವನಿ ಏರಿತು. “ಕಟ್ಟಿಗೆ ಒಡೆದರೂ ಬೊಕ್ಕೆ ಬರ್ತದೆ.”

“ದೋಣಿ ಸಾಲು ನೋಡಿ ಬಂದೆ. ಎಲ್ಲ ದೋಣಿಯ ಅಡಿಯಲ್ಲೂ ಹುಲ್ಲು ಮೊಣಕಾಲಷ್ಟು ಎದ್ದಿದೆ. ಗಿರಿಯಪ್ಪನ ದೋಣಿಯ ಅಡಿಯಲ್ಲಿ ಹುಲ್ಲು ಜಜ್ಜಿ ಹಳದಿಯಾಗಿದೆ. ತೆಂಗಿನ ಮಡಲು ಮುಚ್ಚಿ ಮೊದಲಿನ ಹಾಗೇ ಕಟ್ಟಿದ್ದಾನೆ, ಪುಣ್ಯಾತ್ಮ. ಹುಲ್ಲನ್ನು ಕಟ್ಟಿ ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ.”

“ಹಾಗಾದರೆ ಅವನೇ ಬಾಯಿ ಬಿಟ್ಟು ಹೇಳ್ಲಿ.”

“ಹೇಳುದಿಲ್ಲ. ಕೊಲೆ ಮಾಡಿದೆ ಅಂತಾದರೆ ಅವನೊಬ್ಬನೇ ಹೋಗ್ತಾನೆ. ಕಡಲಿಗೆ ಇಳಿದೆ ಅಂದರೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಊರು ಬಿಡ್ಬೇಕು. ಅವನು ಅದನ್ನು ತೂಗಿ ನೋಡಿ ಸುಮ್ಮನೆ ಕೂತಿದ್ದಾನೆ.”

ಪೊಲೀಸರಿಗೆ ಇದು ಅರ್ಥವಾಗದ್ದರಲ್ಲಿ ಆಶ್ಚರ್ಯವಿಲ್ಲ. ನಿರಪರಾಧಿಯೊಬ್ಬ ಕುಣಿಕೆಗೆ ಕೊರಳೊಡ್ಡಿಯಾನು, ಆದರೆ ಹುಣ್ಣಿಮೆಗೆ ಮೊದಲು ಹುಟ್ಟು ಹಿಡಿದೆನೆಂದು ಒಪ್ಪಲಾರ ಎಂದರೆ ಯಾವ ಇನ್‌ಸ್ಪೆಕ್ಟರು ನಂಬುತ್ತಾನೆ? ಬೆಂಗ್ರೆಯಲ್ಲಿ ಹುಟ್ಟಿದ ಲೀಲಾಧರನಿಗೇ ಅದು ಹೊಳೆಯಲು ಎಂಟು ದಿನ ಬೇಕಾಯಿತು. ಪೇಟೆಯ ನೀರು ತನ್ನನ್ನು ಇಷ್ಟು ಮಂಕು ಮಾಡಿತೇ ಎಂದು ಅವನು ಬೆಳಗಿನಿಂದ ತನಗೆ ತಾನೇ ಬೈದುಕೊಂಡಿದ್ದ.

“ನಾಳೆ ಹನ್ನೊಂದು ಗಂಟೆಗೆ ಮ್ಯಾಜಿಸ್ಟ್ರೇಟರು ಅವನನ್ನು ಸೆಷನ್ಸಿಗೆ ಒಪ್ಪಿಸ್ತಾರೆ,” ಎಂದ. “ನನಗೆ ನಿಮ್ಮಿಂದ ಒಂದೇ ಮಾತು ಬೇಕು. ಇದ್ದದ್ದು ಹೇಳಿದರೆ ಊರು ಅವನನ್ನು ಹೊರಗೆ ಹಾಕುದಿಲ್ಲ ಅಂತ.”

“ಇಲ್ಲ,” ಎಂದರು ದೂಮಪ್ಪನವರು. “ಒಬ್ಬನಿಗೆ ಬಿಟ್ಟರೆ ಮುಂದಿನ ವರ್ಷ ಹತ್ತು ಜನ ಇಳೀತಾರೆ. ಬೊಬ್ಬರ್ಯನ ಎದುರು ನಾನು ನಿಲ್ಲುದು ಹೇಗೆ?”

ಲೀಲಾಧರ ಸೀದಾ ಮಂದಿರದ ಒಳಗೆ ಹೋಗಿ, ದೀಪದ ಎಣ್ಣೆಯ ಬಾಟಲಿಗಳ ಹಿಂದೆ ಕೈ ಹಾಕಿ, ಮೊಳದುದ್ದದ ಒಂದು ಮರದ ಪೆಟ್ಟಿಗೆಯನ್ನು ತಂದು ಜಗಲಿಯ ನಡುವೆ ಇಟ್ಟ.

ಅದು ಅಂದೋನಿ ಕೆತ್ತಿ ಊರಿಗೆ ಕೊಟ್ಟದ್ದು. ಒಂದು ತುದಿಯಲ್ಲಿ ಸಣ್ಣ ದೋಣಿ, ಇನ್ನೊಂದು ತುದಿಯಲ್ಲಿ ಸಣ್ಣ ಮನೆ. ಎರಡರ ಪಕ್ಕದಲ್ಲೂ ಸಾಲಾಗಿ ಗುಳಿಗಳು. ನಡುವಿನ ಗೂಡಿನಲ್ಲಿ ಹನ್ನೆರಡು ಮರದ ಗುಂಡು.

ಇಪ್ಪತ್ತು ವರ್ಷದ ಹಿಂದೆ ಯಾವುದೋ ಹಡಗಿನಿಂದ ಇಳಿದು ಬೆಂಗ್ರೆಯಲ್ಲಿ ದೋಣಿಗೆ ಹಲಗೆ ಜೋಡಿಸಲು ಕೂತ ಅಂದೋನಿ ಬಿಳಿ ಮನುಷ್ಯ; ಅವನ ಊರು ಇಚಾಲ್ದೆ. ಸ್ಪೇನಿನ ಉತ್ತರದ ಕಡಲಂಚಿನಲ್ಲಿ ಬಾಸ್ಕ್ ಎಂಬ ಜನ ಇದ್ದಾರೆ. ಅವರದೊಂದು ಪುಟ್ಟ ಊರು ಅದು. ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಕಡಿದಾದ ಮನೆಗಳು, ಇಪ್ಪತ್ತು ದೋಣಿ ಹಿಡಿಸುವ ಬಂದರು, ಬೆನ್ನಿಗೊಂದು ಗುಡ್ಡ. ಅಲ್ಲಿಯೂ ಬೂತಾಯಿ ಮೀನೇ ಅನ್ನ. ಬೀದಿಯಿಡೀ ಅದರದೇ ನಾತ ಎಂದು ಅಂದೋನಿ ಹೇಳಿದಾಗ ಬೆಂಗ್ರೆಯ ಹೆಂಗಸರು ಹಾಗಾದರೆ ನೀವು ನಮ್ಮವರೇ ಎಂದು ನಕ್ಕಿದ್ದರು. ಅಂದಿನಿಂದ ಅವನು ಊರಿಗೆಲ್ಲ ಅಂದೋನಿಯಣ್ಣ.

ಆ ಊರಿನವರು ಮಾತಿನಲ್ಲಿ ಜಿಪುಣರು, ಹಟದಲ್ಲಿ ಧಾರಾಳಿಗಳು. ದೊರೆ ಬಂದರೂ ಟೋಪಿ ತೆಗೆಯದವರು ಕಡಲಿಗೆ ಮಾತ್ರ ತಲೆಬಾಗುತ್ತಿದ್ದರಂತೆ. ನಸುಕಿನಲ್ಲಿ ಹಿರಿಯ ದೋಣಿಗಾರರು ಗುಡ್ಡದ ಮೇಲಿನ ಗುಡಿಸಲಿಗೆ ಹೋಗಿ ಗಾಳಿ ನೋಡಿ, ಇಂಥದೇ ಪೆಟ್ಟಿಗೆಯಲ್ಲಿ ಒಬ್ಬೊಬ್ಬರೂ ಒಂದೊಂದು ಗುಂಡು ಹಾಕುವರು. ದೋಣಿಯ ಕಡೆ ಹೆಚ್ಚಾದರೆ ಊರಿಡೀ ಕಡಲಿಗೆ. ಮನೆಯ ಕಡೆ ಹೆಚ್ಚಾದರೆ ಪಾದ್ರಿ ಹೇಳಿದರೂ ಒಂದು ದೋಣಿ ಇಳಿಯದು. ತೀರ್ಮಾನವಾದ ಮೇಲೆ ಗಟ್ಟಿ ಗಂಟಲಿನ ಹೆಂಗಸರು ಬಾಗಿಲಿಂದ ಬಾಗಿಲಿಗೆ ಕೂಗಿಕೊಂಡು ಹೋಗಿ ಗಂಡಸರನ್ನು ಎಬ್ಬಿಸುವರು. ಆ ಕೂಗನ್ನು ಅಂದೋನಿ ತನ್ನ ದೋಣಿ ಕೊಟ್ಟಿಗೆಯಲ್ಲಿ ಕೂತು ಕೂಗಿ ತೋರಿಸಿದಾಗ ಕೇಳಿ ನಕ್ಕವರಲ್ಲಿ ಲೀಲಾಧರನೂ ಒಬ್ಬ. ಅವನು ಇಂಗ್ಲಿಷ್ ಕಲಿತದ್ದೂ ಆ ಮುದುಕನ ಉಳಿಯ ಸದ್ದಿನ ಪಕ್ಕದಲ್ಲಿ.

ಹೋದ ವರ್ಷ ಸ್ಪೇನಿನ ಯುದ್ಧ ಆ ಕಡಲಂಚಿಗೂ ತಲುಪಿತೆಂದು ಪತ್ರಿಕೆಯಲ್ಲಿ ಬಂದ ಮೇಲೆ ಮುದುಕ ಊರಿನ ಸುದ್ದಿ ಎತ್ತುವುದನ್ನು ಬಿಟ್ಟುಬಿಟ್ಟ.

ಅಂಥವನ ಹೆಣ ಕಳೆದ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅಳಿವೆಯ ಆಚೆ, ಉಳ್ಳಾಲದ ದಡದಲ್ಲಿ ಬಿದ್ದಿತ್ತು. ಮೈಮೇಲೆ ಅವನೂರಿನವರು ತೊಡುವ ದಪ್ಪ ನೀಲಿ ಅಂಗಿ, ಹಿಂದಲೆಯಲ್ಲಿ ಏಟಿನ ಗಾಯ. ಅಲೆಯೂ ಏಡಿಯೂ ಸೇರಿ ಮುಖವನ್ನು ಗುರುತು ಸಿಗದಂತೆ ಮಾಡಿದ್ದವು. ಗುರುತಿನ ಅಗತ್ಯವೂ ಇರಲಿಲ್ಲವೆನ್ನಿ; ಅಳಿವೆಯ ಸುತ್ತ ಬಿಳಿ ಮೈಯವನು ಇದ್ದದ್ದು ಅವನೊಬ್ಬನೇ. ಹಿಂದಿನ ಸಂಜೆ ಅವನ ಜೊತೆ ಗಿರಿಯಪ್ಪ ಕೂಗಾಡಿದ್ದನ್ನು ನಾಲ್ಕು ಜನ ಕೇಳಿದ್ದರು. ಕೊಲೆ ನಸುಕಿಗೆ ಆದದ್ದೆಂದು ಬರೆದುಕೊಂಡ ಪೊಲೀಸರಿಗೆ ಅಷ್ಟು ಸಾಕಾಯಿತು.

“ಗುರಿಕಾರ್ರೇ,” ಎಂದ ಲೀಲಾಧರ, ಪೆಟ್ಟಿಗೆಯನ್ನು ಅವರ ಕಡೆ ತಳ್ಳಿ. “ಮನೆಯ ಕಡೆ ಗುಂಡು ಬಿದ್ದ ದಿನ ಯಾರಾದರೂ ಕದ್ದು ಇಳಿದರೆ ಅವರೂರಲ್ಲಿ ಎಂತ ಮಾಡ್ತಿದ್ದರು? ಅಂದೋನಿಯಣ್ಣ ಹೇಳಿದ್ದು ನೆನಪುಂಟಾ?”

ದೂಮಪ್ಪನವರು ಮುಖ ತಿರುಗಿಸಿದರು. ನೆನಪಿತ್ತು ಎಂಬುದಕ್ಕೆ ಅದೇ ಸಾಕ್ಷಿ.

“ದೋಣಿ ಒಂದು ತಿಂಗಳು ದಡದ ಮೇಲೆ,” ಎಂದ ಹಿಂದಿನ ಸಾಲಿನ ಮುದುಕ. ಅವನಿಗೆ ಸುಮ್ಮನಿರುವುದು ಆಗದು. “ಇಗರ್ಜಿಯ ದೀಪಕ್ಕೆ ಒಂದು ವರ್ಷದ ಎಣ್ಣೆ.”

“ಮತ್ತೆ?”

“ಮತ್ತೆ ಎಂತ? ಅದೇ ದಿನ ಸಂಜೆ ಎಲ್ಲರೂ ಒಟ್ಟಿಗೆ ಕೂತು ಕುಡಿಯುದಂತೆ.”

“ಹೊರಗೆ ಹಾಕ್ತಿರಲಿಲ್ವಾ?”

“ಸಣ್ಣ ಊರು, ಒಬ್ಬನನ್ನು ಹೊರಗೆ ಹಾಕಿದರೆ ಒಂದು ಹುಟ್ಟು ಕಡಿಮೆ ಅಂತಿದ್ದರು ಅಂದೋನಿಯಣ್ಣ.”

“ಅದು ಅವರ ಊರು!” ಗುರಿಕಾರರು ಎದ್ದು ನಿಂತರು. “ಇದು ನಮ್ಮದು.”

“ಸತ್ತವರು ಯಾವ ಊರಿನವರು ಗುರಿಕಾರ್ರೇ?” ಲೀಲಾಧರನೂ ಎದ್ದ. “ನಿಮ್ಮ ಮಗನ ಮದುವೆಗೆ ದೋಣಿ ಮಾಡಿಕೊಟ್ಟವರು. ನಿಮ್ಮ ಮನೆಯ ಗಂಜಿ ಉಂಡವರು. ಗಿರಿಯಪ್ಪನನ್ನು ಗಲ್ಲಿಗೆ ಹಾಕಿದರೆ ಅವರನ್ನು ಕೊಂದವನು ಎಲ್ಲಿಯೋ ಕೂತು ನಮ್ಮನ್ನು ನೋಡಿ ನಗ್ತಾನೆ. ಅದು ಆಗ್ಬಹುದಾ ನಿಮಗೆ?”

ಮಾತಿಗೆ ಮಾತು ಬೆಳೆದು ಇನ್ನೇನಾಗುತ್ತಿತ್ತೋ. ಅಷ್ಟರಲ್ಲಿ ದಮಯಂತಿ ಗೊರಬನ್ನು ಕಂಬಕ್ಕೆ ಒರಗಿಸಿ ಮೆಟ್ಟಿಲು ಹತ್ತಿದಳು. ಹಿರಿಯರು ಸಭೆ ಕೂತಾಗ ಆ ಜಗಲಿಗೆ ಹೆಂಗಸರು ಹತ್ತುವ ಪದ್ಧತಿಯಿಲ್ಲ. ಆದರೂ ಮುಂದಿನ ಸಾಲಿನವರು ಸರಿದು ದಾರಿ ಬಿಟ್ಟರು.

“ಅಣ್ಣನನ್ನು ಕಳ್ಕೊಂಡವಳು ನಾನು,” ಎಂದಳು. “ಕೇಳುದಾದರೆ ನನ್ನನ್ನು ಕೇಳ್ಬೇಕು.”

ಅವಳು ಗೂಡಿನಿಂದ ಒಂದು ಗುಂಡು ಎತ್ತಿ, ಸ್ವಲ್ಪ ಹೊತ್ತು ಮುಷ್ಟಿಯಲ್ಲೇ ಹಿಡಿದು, ಮನೆಯ ಕಡೆಯ ಗುಳಿಗೆ ಹಾಕಿದಳು.

“ಅವರು ಮನೆಗೆ ಬರ್ಲಿ. ಬೈಲಿಕ್ಕೆ ನನಗೆ ಬೇಕಾದಷ್ಟು ಉಂಟು. ಅದು ನಾನು ಮನೆಯಲ್ಲಿ ಬೈತೇನೆ.”

ಹಿಂದಿನ ಸಾಲಿನ ಮುದುಕ ಎರಡನೆಯ ಗುಂಡು ಹಾಕಿದ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಬಂದರು. ಇಬ್ಬರು ದೋಣಿಯ ಕಡೆ ಹಾಕಿ, ಯಾರ ಮುಖವನ್ನೂ ನೋಡದೆ ಹೋಗಿ ಕೂತರು. ಗುರಿಕಾರರದು ಕೊನೆಯ ಗುಂಡು. ಅಷ್ಟು ಹೊತ್ತಿಗೆ ಅದರಿಂದ ಆಗಬೇಕಾದ್ದೇನೂ ಉಳಿದಿರಲಿಲ್ಲ. ಆದರೂ ಅವರು ಬಗ್ಗಿ, ದಮಯಂತಿಯ ಗುಂಡಿನ ಪಕ್ಕದಲ್ಲೇ ಅದನ್ನು ಇಟ್ಟರು.

“ದೋಣಿ ಒಂದು ತಿಂಗಳು ಮೇಲೆ ಇರ್ಬೇಕು,” ಎಂದರು. “ಬೊಬ್ಬರ್ಯನ ದೀಪಕ್ಕೆ ಒಂದು ವರ್ಷ ಎಣ್ಣೆ. ಹೋಗಿ ಹೇಳು ಅವನಿಗೆ. ಬೂಟ್ಸು ಕಳಚಿ ನಡಿ ಮಾರಾಯ, ಬೇಗ ಮುಟ್ತೀಯಾ.”

ಲೀಲಾಧರ ಬೂಟ್ಸು ಕಳಚಿ ಕೈಯಲ್ಲಿ ಹಿಡಿದುಕೊಂಡೇ ಕಡವಿಗೆ ಓಡಿದ.

ಕಡವಿನ ಮಮ್ಮು ಬ್ಯಾರಿ ದೋಣಿ ಬಿಚ್ಚುತ್ತ ಅವನ ಮುಖ ನೋಡಿದ. “ಎಂತ ಪತ್ತೇದಾರ್ರೆ, ಸಿಕ್ಕಿದನಾ ಕಳ್ಳ?”

“ಕಳ್ಳ ಸಿಗ್ಲಿಲ್ಲ ಮಮ್ಮು ಕಾಕ. ಕಳ್ಳ ಅಲ್ಲದವ ಸಿಕ್ಕಿದ.”

“ಅದಕ್ಕೆ ಇಷ್ಟು ಖುಷಿಯಾ?”

“ಅದಕ್ಕೇ.”

ಖುಷಿ ಎಂದರೆ ಅಂತಿಂಥ ಖುಷಿಯಲ್ಲ. ನದಿ ದಾಟುವಷ್ಟರಲ್ಲಿ ಅವನು ನಾಳೆ ಕೋರ್ಟಿಗೆ ಕೊಡಬೇಕಾದ ಹೇಳಿಕೆಯನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದ. ಎರಡು ತಿಂಗಳಿಂದ ಮೀನಿಲ್ಲ, ಮನೆಯಲ್ಲಿ ಇಬ್ಬರು ಮಕ್ಕಳು. ನಾಲ್ಕು ಬೂತಾಯಿಯ ಆಸೆಗೆ ಒಬ್ಬ ನಸುಕಿನಲ್ಲಿ ಕದ್ದು ಕಡಲಿಗೆ ಇಳಿದ. ಕಡಲಲ್ಲಿದ್ದವನು ದಡದಲ್ಲಿ ಕೊಲೆ ಮಾಡುವುದು ಹೇಗೆ? ಹುಲ್ಲು ಸಾಕ್ಷಿ, ಅಂಗೈ ಸಾಕ್ಷಿ, ಊರಿನ ಹಿರಿಯರು ಸಾಕ್ಷಿ. ಒಂದು ಕೂದಲೂ ಆಚೀಚೆ ಇರಲಿಲ್ಲ.

ಸಂಜೆ ಐದಕ್ಕೆ ಲಾಕಪ್ಪಿನ ಸರಳಿನ ಎದುರು ಅವನು ಕುಕ್ಕುರುಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದ. ಗಿರಿಯಪ್ಪ ಗೋಡೆಗೆ ಒರಗಿ ಕೇಳಿದ. ಎಂಟು ದಿನದಲ್ಲಿ ಅವನ ಮೈ ಇಳಿದುಹೋಗಿತ್ತು.

“ದಮಯಂತಿ ಎಂತ ಹೇಳಿದಳು?” ಅದೇ ಅವನ ಮೊದಲ ಮಾತು.

“ಮನೆಯ ಕಡೆ ಗುಂಡು ಹಾಕಿದಳು. ಬೈಲಿಕ್ಕೆ ಬೇಕಾದಷ್ಟು ಉಂಟಂತೆ.”

ಗಿರಿಯಪ್ಪ ಮುಖ ಮುಚ್ಚಿಕೊಂಡು ಅತ್ತ. ಲೀಲಾಧರ ಅವನನ್ನು ಅಳಲು ಬಿಟ್ಟು ಪುಸ್ತಕ ತೆರೆದು ಸೀಸದಕಡ್ಡಿ ಹಿಡಿದ.

“ಹೇಳು ಗಿರಿಯಪ್ಪ. ಸೋಮವಾರ ನಸುಕಿಗೆ ಕಡಲಿಗೆ ಹೋದದ್ದು ಹೌದಲ್ವಾ?”

“ಹೌದು.”

“ಬೂತಾಯಿಗೆ.”

“ಮೀನಿಗೆ ಅಲ್ಲ ಲೀಲಾಧರಣ್ಣ.”

“ಮತ್ತೆ ಎಂತಕ್ಕೆ?”

“ಅಂದೋನಿಯಣ್ಣನನ್ನು ಬಿಡ್ಲಿಕ್ಕೆ.”

ಸೀಸದಕಡ್ಡಿ ಕಾಗದದ ಮೇಲೆ ನಿಂತುಬಿಟ್ಟಿತು.

“ಆಯಿತವಾರ ಸಂಜೆ ಕೂಗಾಡಿದ್ದು ಅದಕ್ಕೇ,” ಎಂದ ಗಿರಿಯಪ್ಪ. “ಹೊರಗೆ ಒಂದು ಸ್ಟೀಮರು ನಿಲ್ತದೆ, ನನ್ನನ್ನು ಮುಟ್ಟಿಸು ಅಂದರು. ಹುಣ್ಣಿಮೆಗೆ ಮೊದಲು ಆಗುದಿಲ್ಲ ಅಂತ ನಾನು ಬೈದೆ. ಇಪ್ಪತ್ತು ವರ್ಷದಲ್ಲಿ ಅವರು ನನ್ನ ಹತ್ತಿರ ಒಂದೂ ಕೇಳಿದವರಲ್ಲ. ಕಾಲು ಹಿಡಿಲಿಕ್ಕೆ ಬಂದರು, ಲೀಲಾಧರಣ್ಣ. ನಾನು ಎಂತ ಮಾಡ್ಲಿ?”

“ಅವರು ಸ್ಟೀಮರಿನ ಏಣಿ ಹತ್ತಿದ್ದು ಎಷ್ಟು ಗಂಟೆಗೆ?”

“ಹೊತ್ತು ಚೆನ್ನಾಗಿ ಏರಿತ್ತು. ಹತ್ತು ಆಗಿರ್ಬಹುದು. ಹತ್ತಿ ಮೇಲಿನಿಂದ ಕೈ ಬೀಸಿದರು.”

“ಏಳು ಗಂಟೆಗೆ ಅವರ ಹೆಣ ಉಳ್ಳಾಲದ ದಡದಲ್ಲಿ ಇತ್ತು ಮಾರಾಯ!”

“ವಾಪಸು ಬರುವಾಗ ಊರಿಡೀ ಹೆಣ ನೋಡ್ಲಿಕ್ಕೆ ಹೋಗಿತ್ತು. ಆಮೇಲೆ ನಾನೂ ಕೇಳಿದೆ.”

ಲೀಲಾಧರ ಸರಳು ಹಿಡಿದು ಎದ್ದ. ಬರೆದು ಮುಗಿಸಿದ್ದ ಹೇಳಿಕೆ ಪೂರ್ತಿ ಹಾಳಾಗಿತ್ತು. ಆದರೆ ಅದಕ್ಕಿಂತ ಎಷ್ಟೋ ದೊಡ್ಡದು ಕೈಗೆ ಬಂದಿತ್ತು. ಮುದುಕ ಬದುಕಿದ್ದಾನೆ! ತನಗೆ ಇಂಗ್ಲಿಷ್ ಕಲಿಸಿದವನು, ಊರಿಗೆಲ್ಲ ಅಣ್ಣನಾದವನು, ಈ ಹೊತ್ತಿಗೆ ಯಾವುದೋ ಹಡಗಿನ ಅಟ್ಟದ ಮೇಲೆ ಕೂತು ಊರಿನ ದಾರಿ ನೋಡುತ್ತಿದ್ದಾನೆ. ಎಂಟು ದಿನದಿಂದ ಒಳಗೇ ಇಟ್ಟುಕೊಂಡಿದ್ದ ದುಃಖ ಒಮ್ಮೆಲೇ ಕರಗಿ ಅವನಿಗೆ ಜೋರಾಗಿ ನಗಬೇಕೆನ್ನಿಸಿತು.

“ಹಾಗಾದರೆ ಪೊಲೀಸರು ಮಣ್ಣು ಮಾಡಿದ್ದು ಅಂದೋನಿಯನ್ನು ಅಲ್ಲ!” ಎಂದ. “ಬೇರೆ ಯಾರನ್ನೋ ಅವರ ಹೆಸರಿನಲ್ಲಿ ಹೂತಿದ್ದಾರೆ. ಕೇಸು ಇಲ್ಲಿಗೇ ಬಿತ್ತು ಗಿರಿಯಪ್ಪ. ನಾಳೆ ನೀನು ಮನೆಯಲ್ಲಿರ್ತೀಯಾ.”

ಗಿರಿಯಪ್ಪ ತಲೆಯಲ್ಲಾಡಿಸಿದ. ಕಣ್ಣೀರು ಒರೆಸಿಕೊಂಡು ಸರಳಿನ ಹತ್ತಿರ ತೆವಳಿ ಬಂದು, ಪಾರಾದವನ ಗೆಲುವು ಒಂದಿಷ್ಟೂ ಇಲ್ಲದ ಧ್ವನಿಯಲ್ಲಿ ಹೇಳಿದ.

“ಮಣ್ಣು ಮಾಡಿದ್ದು ಅಂದೋನಿಯನ್ನೇ.”

“ಎಂತ ಹೇಳ್ತೀಯಾ ನೀನು? ಈಗ ತಾನೇ ಏಣಿ ಹತ್ತಿದರು ಅಂದೆಯಲ್ಲ?”

“ಹತ್ತಿದವರು ಬೇರೆ. ಏಣಿಗೆ ಕೈ ಹಾಕುವ ಮೊದಲು ನನಗೆ ಹೇಳಿದರು: ‘ನನ್ನ ಊರಿನಿಂದ ಅಂದೋನಿ ಬಂದಿದ್ದ, ಗಿರಿಯಪ್ಪ. ಇಪ್ಪತ್ತು ವರ್ಷ ಅವನ ಹೆಸರು ನಾನು ಇಟ್ಕೊಂಡಿದ್ದೆ. ಅದನ್ನು ವಾಪಸು ಕೇಳ್ಲಿಕ್ಕೆ ಬಂದ. ಇನ್ನು ಕೇಳುದಿಲ್ಲ.’”